ಜಾಗ ಬದಲಾದರೆ ಮನಸ್ಸು ಬದಲಾಗುತ್ತದೆಯೆ?

ಓದುಗ ಸೋದರಿಗೆ,

ಚಟಕ್ಕೆ ಮರಳಿ ಬೀಳುವುದರಲ್ಲಿ ಸುತ್ತಲಿನ ಪರಿಸರದ ಪಾತ್ರ ದೊಡ್ಡದು ಎಂದಿದ್ದ ಕಳೆದ ಸಂಚಿಕೆಯ ಮಾದಕ ವ್ಯಸನದ ಲೇಖನ ಓದಿ ನೀವು ಬರೆದ ಪತ್ರದಲ್ಲಿ ಸಿಟ್ಟೂ ಇದೆ, ಸುಸ್ತೂ ಇದೆ. ಎರಡೂ ನ್ಯಾಯವೇ. ಹೆರಾಯಿನ್ ಚಟಕ್ಕೆ ಬಿದ್ದ ನಿಮ್ಮ ತಮ್ಮ ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ತಿಂಗಳು ಚೆನ್ನಾಗಿಯೇ ಇದ್ದ; ಮನೆಗೆ ಬಂದ ವಾರದೊಳಗೆ ಮತ್ತೆ ಹಳೇ ದಾರಿ ಹಿಡಿದ. “ಪರಿಸರ, ಪರಿಸರ ಅನ್ನುತ್ತೀರಿ. ಪರಿಸರ ಬಂದು ಅವನ ಕೈಗೆ ಸೂಜಿ ಕೊಟ್ಟಿತೆ? ಚುಚ್ಚಿಕೊಂಡವನು ಅವನು ತಾನೆ?” ಎಂದು ಕೇಳಿದ್ದೀರಿ. ಬೇರೆ ಊರಿಗೆ ಕಳಿಸಿದರೆ ಸರಿಹೋಗುತ್ತಾನೆಯೆ, ಅವನ ಕೋಣೆಯ ಚಿಲಕ ಕಿತ್ತುಹಾಕಿಸಲೆ ಎಂದೂ ಕೇಳಿದ್ದೀರಿ.

ಚುಚ್ಚಿಕೊಂಡವನು ಅವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಂದ್ರದಲ್ಲಿ ಕೂತು “ಬೇಡ” ಅನ್ನುವುದಕ್ಕೆ ಬೇಕಾಗುವ ಬಲಕ್ಕೂ ತನ್ನ ಹಳೆಯ ಕೋಣೆಯಲ್ಲಿ ಕೂತು “ಬೇಡ” ಅನ್ನುವುದಕ್ಕೆ ಬೇಕಾಗುವ ಬಲಕ್ಕೂ ಅಜಗಜಾಂತರವಿದೆ. ಇದು ನೆಪವಲ್ಲ, ಮೈಯಲ್ಲಿ ಕಣ್ಣಿಗೆ ಕಾಣುವಂತೆ ನಡೆಯುವ ಸಂಗತಿ.

ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ವ್ಯಸನಿಗಳಿಗೆಂದೇ 1935ರಲ್ಲಿ ಸರ್ಕಾರಿ ಆಸ್ಪತ್ರೆಯೊಂದು ಶುರುವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಏಬ್ರಹಾಂ ವಿಕ್ಲರ್ ಎಂಬ ವೈದ್ಯರನ್ನು ಕಾಡಿದ್ದು ನಿಮ್ಮ ಪ್ರಶ್ನೆಯೇ. ತಿಂಗಳುಗಟ್ಟಲೆ ಮಾದಕ ಮುಟ್ಟದೆ ಇದ್ದವರು, ಮೈಯಲ್ಲಿ ಅದರ ಲವಲೇಶವೂ ಉಳಿಯದವರು, ಹಳೆಯ ಜಾಗಕ್ಕೆ ಕಾಲಿಟ್ಟೊಡನೆ ಮತ್ತೆ ಯಾಕೆ ಬೀಳುತ್ತಾರೆ? ಮಾದಕ ಸಿಗದೆ ಒದ್ದಾಡಿದ ಜಾಗವನ್ನು ಮೈ ನೆನಪಿಟ್ಟುಕೊಂಡಿರುತ್ತದೆ, ಅಲ್ಲಿಗೆ ಮರಳಿದಾಗ ಆ ಒದ್ದಾಟವೂ ಮರಳುತ್ತದೆ ಎಂಬ ವಿವರಣೆಗೆ ಅವರು ಬಂದರು.

ಅಮೆರಿಕದ ಮನೋವೈದ್ಯ ಚಾರ್ಲ್ಸ್ ಓಬ್ರಿಯೆನ್ ಅವರ ತಂಡ 1977ರಲ್ಲಿ ಇದನ್ನು ಮನುಷ್ಯರಲ್ಲೇ ತೋರಿಸಿತು. ಹೆರಾಯಿನ್ ಬದಲಿಗೆ ವೈದ್ಯರು ಕೊಡುವ ಮೆಥಡೋನ್ ಎಂಬ ಔಷಧಿಯ ಚಿಕಿತ್ಸೆಯಲ್ಲಿದ್ದ, ಪ್ರಯೋಗಕ್ಕೆ ಒಪ್ಪಿದ ಕೆಲವರಿಗೆ ನಲಾಕ್ಸೋನ್ ಎಂಬ ಔಷಧಿಯನ್ನು ಸ್ವಲ್ಪವೇ ಕೊಟ್ಟರು. ಅದು ಹೆರಾಯಿನ್, ಮೆಥಡೋನ್‌ನಂಥ ಒಪಿಯಾಯ್ಡ್‌ಗಳ ಕೆಲಸವನ್ನು ತಡೆಯುವುದರಿಂದ ಸ್ವಲ್ಪ ಹೊತ್ತು ಮಾದಕ ತಪ್ಪಿದ ಸಂಕಟ ಶುರುವಾಗುತ್ತದೆ: ಕಣ್ಣಲ್ಲಿ ನೀರು, ಮೂಗು ಸೋರುವುದು, ಬಿಡದೆ ಆಕಳಿಕೆ. ಪ್ರತಿ ಸಲವೂ ಜೊತೆಗೊಂದು ಸದ್ದು, ಪೆಪ್ಪರ್‌ಮಿಂಟ್ ವಾಸನೆ. ಹೀಗೆ ಹಲವು ಸಲ ಆದಮೇಲೆ ಔಷಧಿಯಿಲ್ಲದ ಬರೀ ಇಂಜೆಕ್ಷನ್ ಕೊಟ್ಟು ಅದೇ ಸದ್ದು, ಅದೇ ವಾಸನೆ ಒಡ್ಡಿದರು. ಕಣ್ಣು ಮೂಗು ಮತ್ತೆ ಸೋರಿದವು. ಪೆಪ್ಪರ್‌ಮಿಂಟ್‌ಗೇ ಇಷ್ಟು ಶಕ್ತಿ ಬರುವುದಾದರೆ, ನಿಮ್ಮ ತಮ್ಮ ವರ್ಷಗಟ್ಟಲೆ ಸೂಜಿ ಹಿಡಿದು ಕೂತ ಮಂಚದ ಅಂಚಿಗೆ, ಬಾತ್‌ರೂಮಿನ ದೀಪಕ್ಕೆ ಎಷ್ಟಿರಬೇಡ?

ಇದರ ಇನ್ನೊಂದು ಮಗ್ಗುಲೂ ಉಂಟು. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬ ಅಲ್ಲಿ ಒಪಿಯಾಯ್ಡ್‌ಗೆ ದಾಸನಾಗಿದ್ದ. ಹೆರಾಯಿನ್ ಅಲ್ಲಿ ಅಗ್ಗ, ಶುದ್ಧ; ಹೆಚ್ಚಿನವರು ಸೇದುತ್ತಿದ್ದರು. ಇವರೆಲ್ಲ ಊರಿಗೆ ಬಂದರೆ ಗತಿಯೇನು ಎಂದು 1971ರಲ್ಲಿ ಸರ್ಕಾರವೇ ಗಾಬರಿಬಿದ್ದಿತ್ತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಮರಳಿದವರ ಬೆನ್ನುಹತ್ತಿ ವಿಚಾರಿಸಿದಾಗ, ಅಲ್ಲಿ ದಾಸರಾಗಿದ್ದವರ ಪೈಕಿ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಈ ಅಂಕಿಯನ್ನು ಮುಂದಿಟ್ಟು “ನೋಡಿ, ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ” ಅನ್ನುವವರಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ಸೈನಿಕರು ಚಟ ಹತ್ತಿದ ಜಾಗವನ್ನು ಬಿಟ್ಟು, ಚಟದ ನೆನಪೇ ಇಲ್ಲದ ಮನೆಗೆ ಹೋದರು. ನಿಮ್ಮ ತಮ್ಮನದು ಸರಿಯಾಗಿ ಅದರ ತಿರುಗುಮುರುಗು: ಚಟದ ನೆನಪಿಲ್ಲದ ಕೇಂದ್ರದಿಂದ ಚಟ ಹತ್ತಿದ ಮನೆಗೆ ಬಂದ. ಸೈನಿಕರ ಮನೋಬಲ ಹೆಚ್ಚು, ಇವನದು ಕಡಿಮೆ ಎಂದು ಇದರಿಂದ ಹೇಳಲು ಬರುವುದಿಲ್ಲ.

ಯಾವ ಮಾದಕವನ್ನು ಆರಿಸಿಕೊಳ್ಳುತ್ತಾರೆ ಎಂಬುದರಲ್ಲೂ ಜಾಗದ ಕೈವಾಡವಿದೆ. ಹೆರಾಯಿನ್, ಕೊಕೇನ್ ಎರಡನ್ನೂ ಬಳಸುವವರನ್ನು ರೋಮ್‌ನ ಸಂಶೋಧಕರು ವಿಚಾರಿಸಿದಾಗ, ಒಬ್ಬನೇ ವ್ಯಕ್ತಿ ಹೆರಾಯಿನ್ ಅನ್ನು ಹೆಚ್ಚಾಗಿ ಮನೆಯಲ್ಲಿ, ಕೊಕೇನ್ ಅನ್ನು ಹೆಚ್ಚಾಗಿ ಹೊರಗೆ ತೆಗೆದುಕೊಳ್ಳುತ್ತಾನೆ ಎಂದು ಗೊತ್ತಾಯಿತು. ಇಲಿಗಳಲ್ಲೂ ಹೀಗೆಯೇ: ವಾಸದ ಗೂಡಿನಲ್ಲೇ ಇದ್ದವು ಹೆರಾಯಿನ್ ಕಡೆಗೆ, ಪ್ರಯೋಗದ ಹೊತ್ತಿಗೆ ಮಾತ್ರ ಬೇರೆ ಗೂಡಿಗೆ ಬಂದವು ಕೊಕೇನ್ ಕಡೆಗೆ ಹೆಚ್ಚು ಒಲವು ತೋರಿದವು.

ಇನ್ನು, ಎದುರಿಗೆ ಬೇರೇನಿದೆ ಎಂಬುದು. ಹೆರಾಯಿನ್ ಬೇಕೋ ಹಣ ಬೇಕೋ ಎಂದು ಪ್ರಯೋಗಾಲಯದಲ್ಲಿ ಕೇಳಿದರೆ, ಹಣದ ಮೊತ್ತ ಏರಿದಂತೆ ಹೆರಾಯಿನ್ ಬೇಡ ಅನ್ನುವ ಸಲಗಳೂ ಏರುತ್ತವೆ. ವ್ಯಸನಿಗೆ ಆಯ್ಕೆಯೇ ಇಲ್ಲ ಅನ್ನುವವರಿಗೂ ಇದೇ ಉತ್ತರ, ಆಯ್ಕೆಯೆಲ್ಲ ಅವನ ತಲೆಯೊಳಗೇ ಇದೆ ಅನ್ನುವವರಿಗೂ ಇದೇ. (ಈ ವಿಷಯ ಬಂದಾಗ ಎಲ್ಲರೂ ‘ರ‍್ಯಾಟ್ ಪಾರ್ಕ್’ ಇಲಿಗಳ ಕತೆ ಹೇಳುತ್ತಾರೆ: ಸಂಗಾತಿಗಳಿದ್ದ ವಿಶಾಲ ಗೂಡಿನಲ್ಲಿ ಇಲಿಗಳು ಮಾರ್ಫಿನ್ ಅನ್ನು ಕಡಿಮೆ ಕುಡಿದವು ಎಂದು. ಆ ಪ್ರಯೋಗವನ್ನು ಮತ್ತೆ ಮಾಡಿದವರಿಗೆಲ್ಲ ಅದೇ ಫಲಿತಾಂಶ ಸಿಗಲಿಲ್ಲವಾದ್ದರಿಂದ ನಾನು ಅದನ್ನು ನೆಚ್ಚುವುದಿಲ್ಲ.)

ಈಗ ಊರು ಬಿಡಿಸುವ ಮಾತು. ಹಳೆಯ ಸಂಗ, ಹಳೆಯ ದಾರಿ ತಪ್ಪುತ್ತದೆ, ನಿಜ. ಹಳೆಯ ಫೋನ್ ನಂಬರುಗಳು ಜೇಬಿನಲ್ಲೇ ಪ್ರಯಾಣ ಮಾಡುತ್ತವೆ, ಅದೂ ನಿಜ. ಆದರೆ ನನ್ನನ್ನು ಹೆದರಿಸುವುದು ಬೇರೆಯೇ ಒಂದು ಸಂಗತಿ. ಮನಶ್ಶಾಸ್ತ್ರಜ್ಞ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಇಲಿಗಳಿಗೆ ಒಂದೇ ಜಾಗದಲ್ಲಿ ಹೆರಾಯಿನ್ ರೂಢಿ ಮಾಡಿಸಿ, ಆಮೇಲೆ ದೊಡ್ಡ ಡೋಸ್ ಕೊಟ್ಟರು. ರೂಢಿಯಾದ ಜಾಗದಲ್ಲೇ ಕೊಟ್ಟಾಗ ಸತ್ತವು ಸುಮಾರು ಶೇ. 32, ಅಷ್ಟೇ ಡೋಸ್ ಅನ್ನು ಹೆರಾಯಿನ್ ರೂಢಿಯಿಲ್ಲದ ಜಾಗದಲ್ಲಿ ಕೊಟ್ಟಾಗ ಸುಮಾರು ಶೇ. 64. ರೂಢಿಯ ಜಾಗ ಕಂಡೊಡನೆ ಮೈ ಮಾದಕವನ್ನು ಎದುರಿಸಲು ಸಜ್ಜಾಗುತ್ತದೆ; ಹೊಸ ಜಾಗದಲ್ಲಿ ಆ ಸಿದ್ಧತೆ ಇರುವುದಿಲ್ಲ. ಇದಕ್ಕೆ ಬಿಡುವಿನ ಅಪಾಯವೂ ಸೇರಿಕೊಳ್ಳುತ್ತದೆ. ಕೆಲವು ವಾರ ಮಾದಕ ಬಿಟ್ಟವನ ಮೈ ತಾಳಿಕೆ ಕಳೆದುಕೊಂಡಿರುತ್ತದೆ, ಕೈ ಮಾತ್ರ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರಬಂದ ಮೊದಲ 2 ವಾರಗಳಲ್ಲಿ ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಕೇಂದ್ರದಿಂದ ಬಂದವರಿಗೂ ಆ ಮೊದಲ ದಿನಗಳೇ ಗಂಡಾಂತರ.

ಹಾಗಾಗಿ ಊರು ಬದಲಿಸುವ ಮುಂಚೆ ವೈದ್ಯರ ಹತ್ತಿರ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಬದಲಿ ಔಷಧಿಗಳ ಬಗ್ಗೆ ಮಾತಾಡಿ. “ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸುವುದು” ಎಂದು ಇವನ್ನು ಹೀಗಳೆಯುವವರ ಮಾತು ಕೇಳಬೇಡಿ. ವೈದ್ಯರ ನಿಗಾದಲ್ಲಿ ತಪ್ಪದೆ ತೆಗೆದುಕೊಂಡರೆ ಚಡಪಡಿಕೆ ತಗ್ಗುತ್ತದೆ, ಸಾವಿನ ಅಪಾಯವೂ ತಗ್ಗುತ್ತದೆ. ಓವರ್‌ಡೋಸ್ ಆದಾಗ ನಿಂತುಹೋಗುತ್ತಿರುವ ಉಸಿರನ್ನು ಮರಳಿಸುವುದೂ ಮೇಲೆ ಹೇಳಿದ ನಲಾಕ್ಸೋನ್‌ನ ಕೆಲಸವೇ. ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ, ಕೊಡುವುದು ಹೇಗೆ ಎಂದು ಕೇಳಿ ಕಲಿತುಕೊಳ್ಳಿ. ಕೊಟ್ಟಮೇಲೂ ಆಸ್ಪತ್ರೆಗೆ ಒಯ್ಯಲೇಬೇಕು. ಅದರ ಪರಿಣಾಮ ಬೇಗ ಇಳಿದು ಉಸಿರು ಮತ್ತೆ ಕುಸಿಯಬಹುದು.

ಚಿಲಕದ ವಿಷಯವನ್ನು ಅವನನ್ನೇ ಕೂರಿಸಿಕೊಂಡು ಮಾತಾಡಿ. ಆಸೆ ತಲೆಗೇರಿದಾಗ ಬೇಡ, ಮನಸ್ಸು ತಣ್ಣಗಿರುವ ಹೊತ್ತಿನಲ್ಲಿ. ಯಾವ ಗಳಿಗೆ ಕಷ್ಟ, ಯಾವ ಮೂಲೆ ಕಷ್ಟ, ಯಾರ ಫೋನ್ ಬಂದರೆ ಕಷ್ಟ ಎಂದು ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು. ಮಂಚ ಸರಿಸುವುದೋ, ಕೋಣೆಯನ್ನೇ ಬದಲಿಸುವುದೋ, ಆ ಗಳಿಗೆಯಲ್ಲಿ ಯಾರ ಜೊತೆ ಎಲ್ಲಿರಬೇಕೆಂಬುದೋ, ಅವನೇ ಹೇಳಲಿ. ನೀವು ಕೇಳುವ ಆಯ್ಕೆಯನ್ನು ಅವನು ನಿಜವಾಗಿ ಮಾಡಬಲ್ಲ ಹೊತ್ತು ಅದು. ಚಿಲಕವನ್ನು ಮಾತ್ರ ಅವನ ಒಪ್ಪಿಗೆ ಪಡೆದು ತೆಗೆಸಿಬಿಡಿ. ಒಳಗೆ ಒಬ್ಬನೇ ಬಾಗಿಲು ಹಾಕಿಕೊಂಡಿದ್ದಾಗ ಉಸಿರು ನಿಧಾನವಾದರೆ ಹೊರಗಿದ್ದವರಿಗೆ ಗೊತ್ತಾಗುವುದಿಲ್ಲ.

— ಸಂಪಾದಕ