ಕಾಫಿ ಕಣದಲ್ಲಿ ಆರತಕ್ಷತೆ, ಮೇಲೆ ಮೇ ತಿಂಗಳ ಮಳೆ

ಪ್ರಶ್ನೆ: ಸುಂಟಿಕೊಪ್ಪ ಸಮೀಪದ ನಮ್ಮ ತೋಟದ ಮನೆಯ ಕಾಫಿ ಕಣದಲ್ಲಿ ಮೇ ಎರಡನೇ ವಾರ ಮಗಳ ಆರತಕ್ಷತೆ ಇಟ್ಟುಕೊಂಡಿದ್ದೇವೆ. ಸಂಜೆ 6ರಿಂದ 10ರವರೆಗೆ, ಸುಮಾರು 500 ಜನ. ಮಳೆ ಬಂದರೆ ಏನು ಗತಿ ಎಂಬ ಚಿಂತೆ ನಮ್ಮದು. ಶಾಮಿಯಾನದವರು ‘ಏನೂ ಆಗಲ್ಲ’ ಎನ್ನುತ್ತಿದ್ದಾರೆ. ಏನೇನು ಸಿದ್ಧತೆ ಬೇಕು?

ಉತ್ತರ: ಆ ಹೊತ್ತಿನ ಕೊಡಗಿನ ಸಂಜೆಗೆ ಗುಡುಗು ಮಳೆ ಬಂದೇ ಬರುತ್ತದೆ ಎಂದುಕೊಂಡೇ ತಯಾರಾಗಿ. ಬಾರದಿದ್ದರೆ ಲಾಭ. ಬಟ್ಟೆ ಶಾಮಿಯಾನವನ್ನು ಖಂಡಿತ ಒಪ್ಪಬೇಡಿ. 30 ಅಡಿಗೆ 60 ಅಡಿಯ ಒಂದು ಚಪ್ಪರದ ಮೇಲೆ 25 ಮಿ.ಮೀ. ಮಳೆ ಬಿದ್ದರೆ 4,000 ಲೀಟರಿಗೂ ಮೀರಿ ನೀರು ಇಳಿಯುತ್ತದೆ. ಚಪ್ಪರ ಚಪ್ಪಟೆಯಾಗಿದ್ದರೆ ಆ ನಾಲ್ಕು ಟನ್ ಭಾರ ಬಟ್ಟೆಯ ಹೊಟ್ಟೆಯಲ್ಲಿ ನಿಂತು, ಕಂಬಗಳನ್ನು ಒಳಕ್ಕೆ ಎಳೆದು ಬೀಳಿಸುತ್ತದೆ. ತಗಡು ಅಥವಾ ದಪ್ಪ ಟಾರ್ಪಾಲಿನ ಇಳಿಜಾರು ಮಾಡೇ ಬೇಕು. ನಡುವೆ 15 ಅಡಿ, ಅಂಚಿನಲ್ಲಿ 9-10 ಅಡಿ ಎತ್ತರವಿದ್ದರೆ ನೀರು ನಿಲ್ಲುವುದಿಲ್ಲ. ಎರಡು ಚಪ್ಪರ ಕೂಡುವ ಸಂದಿನಲ್ಲಿ ತಗಡಿನ ದೋಣಿ ಕೂರಿಸಿ ನೀರನ್ನು ಹೊರಗೆ ಬಿಡಿಸಬೇಕು. ಸೋರಿಕೆ ಬಹುಪಾಲು ಶುರುವಾಗುವುದು ಆ ಸಂದಿನಲ್ಲೇ. ತಗಡಿನ ಮೇಲೆ ಜೋರು ಮಳೆ ಬಿದ್ದರೆ ಮೈಕು ಕೇಳಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಹಿರಿಯರ ಮಾತು, ಹಾರ ಬದಲಾಯಿಸುವುದು ಇವನ್ನೆಲ್ಲ 6.30ರೊಳಗೇ ಮುಗಿಸಿಬಿಡಿ.

ಸಿಮೆಂಟ್ ಕಣಕ್ಕೆ ಗೂಟ ಹೊಡೆಯಲಾಗುವುದಿಲ್ಲ. ಹಾಗಾಗಿ ಕಂಬಗಳನ್ನು ಸುಮ್ಮನೆ ನಿಲ್ಲಿಸಿ, ಹಗ್ಗವನ್ನು ಹತ್ತಿರದ ಸಿಲ್ವರ್ ಮರಕ್ಕೆ ಕಟ್ಟಿ ಹೋಗುವವರಿದ್ದಾರೆ. ಮಳೆಗೆ ಮುಂಚೆ ಬರುವ ಗಾಳಿಗೆ ಅದು ನಿಲ್ಲುವುದಿಲ್ಲ, ಏಕೆಂದರೆ ಮರ ತೂಗುವಾಗ ಹಗ್ಗವನ್ನೂ ಜಗ್ಗುತ್ತದೆ. ಅಂಚಿನ ಪ್ರತಿ ಕಂಬಕ್ಕೂ 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿಸಿ ಕಟ್ಟಿಸಿ. ಒಂದೊಂದೂ 200 ಕೆ.ಜಿ. ತೂಗುತ್ತದೆ. ಕಣದ ಅಂಚಿನಲ್ಲಿ ನೀರು ಹೋಗಲು ಬಿಟ್ಟಿರುವ ಕಿಂಡಿಗಳ ಮೇಲೆ ಕಾರ್ಪೆಟ್ ಹಾಸಲು ಅಲಂಕಾರದವರನ್ನು ಬಿಡಬೇಡಿ. ಮೇಲಿನ ಬರೆಯಿಂದ (ದಿಬ್ಬದಿಂದ) ಇಳಿಯುವ ನೀರಿಗೆ ಅಡ್ಡಲಾಗಿ ಒಂದಡಿ ಅಗಲ, ಒಂದಡಿ ಆಳದ ಚರಂಡಿಯನ್ನು ಒಂದು ವಾರ ಮೊದಲೇ ತೆಗೆಸಿ. ಗುಡುಗು ಹತ್ತಿರವಾದರೆ ಜನರನ್ನು ಕಬ್ಬಿಣದ ಕಂಬಗಳ ಬಳಿಯಿಂದ ಮನೆಯೊಳಕ್ಕೆ ಕಳಿಸಿ, ಸೌಂಡ್ ಸಿಸ್ಟಮ್ ಆಫ್ ಮಾಡಿಸಬೇಕು. ಹಾಗೆ ಹೇಳುವ ಅಧಿಕಾರ ಯಾರದು ಎಂಬುದನ್ನು ಮೊದಲೇ ಗೊತ್ತು ಮಾಡಿ. ಮದುಮಗಳ ಅಪ್ಪ ಆ ಹೊತ್ತಿಗೆ ಅತಿಥಿಗಳ ನಡುವೆ ಸಿಕ್ಕಿಕೊಂಡಿರುತ್ತಾರೆ, ಆ ಕೆಲಸ ಅವರ ಮೇಲೆ ಬೇಡ.

ಜಾಗದ ಲೆಕ್ಕ: 500 ಜನರಲ್ಲಿ ಒಂದೇ ಹೊತ್ತಿಗೆ 300 ಮಂದಿ ಕೂರುತ್ತಾರೆ ಎನ್ನೋಣ. ದುಂಡು ಮೇಜಿಗೆ ತಲೆಗೆ 12 ಚದರಡಿಯಂತೆ 3,600 ಚದರಡಿ. ವೇದಿಕೆ, ಬಫೆ, ಓಡಾಟಕ್ಕೆ ಇನ್ನು 1,500. ಅಡುಗೆಗೆ ಬೇರೆ ಚಪ್ಪರವಿರಲಿ, ಗ್ಯಾಸ್ ಸಿಲಿಂಡರುಗಳು ಅದರ ಹೊರಗಿರಲಿ.

ಕರೆಂಟ್ ಹೋಗುತ್ತದೆ. ಮರ ಬಿದ್ದರೆ ಚೆಸ್ಕಾಂನವರಿಗೂ ಸರಿಮಾಡಲು ಗಂಟೆಗಟ್ಟಲೆ ಬೇಕು. ದೀಪ, ಸೌಂಡ್, ಅಡುಗೆಯ ಗ್ರೈಂಡರ್, ನೀರಿನ ಮೋಟಾರು ಎಲ್ಲ ಸೇರಿ 20 ಕಿಲೋವಾಟ್ ಎಂದಾದರೆ, ಅದನ್ನು 0.8ರಿಂದ (ಪವರ್ ಫ್ಯಾಕ್ಟರ್) ಭಾಗಿಸಿ, ಜನರೇಟರಿನ ಅಳತೆಯಲ್ಲಿ 25 ಕೆ.ವಿ.ಎ. ಬರುತ್ತದೆ. ಮೋಟಾರು ಶುರುವಾಗುವಾಗ ಹಲವು ಪಟ್ಟು ಹೆಚ್ಚು ಎಳೆಯುವುದರಿಂದ 40 ಕೆ.ವಿ.ಎ. ಜನರೇಟರ್ ತರಿಸಿ. ಸೌಂಡಿಗೆ ಒಂದು ಫೇಸ್, ಮೋಟಾರುಗಳಿಗೆ ಇನ್ನೊಂದು. ಅರ್ತಿಂಗ್ ಕಡ್ಡಾಯ. ಹಿಂದಿನ ಸಂಜೆ ಎಲ್ಲ ದೀಪ, ಗ್ರೈಂಡರ್ ಹಾಕಿ ಒಂದು ಗಂಟೆ ಓಡಿಸಿ ನೋಡಿ. ಖಾಲಿ ಓಡಿಸಿದ ಜನರೇಟರ್ ಚೆನ್ನಾಗಿದೆ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ಬಹಳ ಮಂದಿ ಮರೆಯುವುದು ಗಾಡಿಗಳನ್ನು. 500 ಜನರೆಂದರೆ ಸುಮಾರು 125 ಕಾರು. ತಿರುಗಿಸುವ ಜಾಗ ಸೇರಿ ಕಾರಿಗೆ 270 ಚದರಡಿ ಬೇಕು. ಸಮತಟ್ಟಾದ ಒಂದು ಎಕರೆಯಲ್ಲಿ 150 ಕಾರು ಹಿಡಿಯಬಹುದಾದರೂ, ನಮ್ಮ ಇಳಿಜಾರಿನಲ್ಲಿ 100 ಹಿಡಿದರೆ ಹೆಚ್ಚು. ಗದ್ದೆ ಬಯಲು ಒಣಗಿದೆಯೆಂದು ಅಲ್ಲಿ ನಿಲ್ಲಿಸಿದರೆ ಅರ್ಧ ಗಂಟೆ ಮಳೆಗೆ ಒಂದೂ ಮೇಲೇಳದು. ಜಲ್ಲಿ ಹಾಕಿಸಿ, ಹಗ್ಗ ಸಮೇತ ಒಂದು ಜೀಪು ನಿಲ್ಲಿಸಿರಿ. ತೋಟದ ದಾರಿ ಒಂದೇ ಗಾಡಿಯ ಅಗಲವಿದ್ದು ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ, ಎರಡು ತುದಿಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ. ಹತ್ತು ಕಾರು ಬಿಟ್ಟು, ಹತ್ತನೆಯ ಚಾಲಕನ ಕೈಗೆ ಕೆಂಪು ಬಾವುಟ ಕೊಡಿ. ಬಾವುಟ ಆ ತುದಿ ಮುಟ್ಟಿದ ಮೇಲಷ್ಟೇ ಅಲ್ಲಿಂದ ಗಾಡಿ ಹೊರಡಬೇಕು.

ಪ್ರಶ್ನೆ: ನಾನು ಗೋಣಿಕೊಪ್ಪಲಿನವಳು, ಬಿ.ಕಾಂ. ಮುಗಿಸಿದ್ದೇನೆ. ಸಮಾರಂಭಗಳನ್ನು ವಹಿಸಿಕೊಂಡು ಮಾಡಿಕೊಡುವ ಕೆಲಸ ಶುರು ಮಾಡಬೇಕೆಂದಿದೆ. ಮುಖ್ಯವಾಗಿ ಯಾವ ಕೌಶಲ ಬೇಕು? ಅಲಂಕಾರದ ಕೋರ್ಸ್ ಮಾಡಲೇ?

ಉತ್ತರ: ಅಲಂಕಾರದವರು ಬಾಡಿಗೆಗೆ ಸಿಗುತ್ತಾರೆ. ನೀವು ಕಲಿಯಬೇಕಾದ್ದು ವೇಳೆಯನ್ನು ಕೊನೆಯಿಂದ ಹಿಂದಕ್ಕೆ ಎಣಿಸುವುದನ್ನು. ಊಟ 1 ಗಂಟೆಗೆ ಎಂದರೆ ಬಡಿಸುವವರು 12.15ಕ್ಕೆ ಸಿದ್ಧರಿರಬೇಕು, ಪಾತ್ರೆ ಹಿಂದಿನ ರಾತ್ರಿಯೇ ಬಂದಿರಬೇಕು, ಪಾತ್ರೆಯ ಲಾರಿ ಮೈಸೂರಿನಿಂದ ಮಧ್ಯಾಹ್ನಕ್ಕೇ ಹೊರಟಿರಬೇಕು. ಮಡಿಕೇರಿಗೆ ಅಲ್ಲಿಂದ ಸುಮಾರು 120 ಕಿ.ಮೀ.; ವಾರಾಂತ್ಯದ ಪ್ರವಾಸಿ ಗಾಡಿಗಳ ನಡುವೆ ಎಷ್ಟು ಹೊತ್ತಾದೀತು ಎಂಬುದು ನಿಮಗೇ ಗೊತ್ತಿದೆ. ಹೀಗೆ ಬರೆದ ಪ್ರತಿ ಸಾಲಿನ ಎದುರಿಗೂ ಒಬ್ಬರೇ ಒಬ್ಬರ ಹೆಸರಿರಲಿ. ‘ಹುಡುಗರು ನೋಡ್ಕೊಳ್ತಾರೆ’ ಎಂದು ಬಿಟ್ಟ ಕೆಲಸ ನಿಂತೇ ಹೋಗುತ್ತದೆ.

ಎರಡನೆಯದು, ಇಲ್ಲಿನ ಪದ್ಧತಿಗಳ ತಿಳಿವಳಿಕೆ. ಕೊಡವ ಮದುವೆಯಲ್ಲಿ ಗಂಗಾಪೂಜೆಯ ನಂತರ ನೀರು ಹೊತ್ತು ಬರುವ ವಧುವಿಗೆ ವರನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಅಡ್ಡ ನಿಲ್ಲುತ್ತಾರೆ. ಅದು ಗಂಟೆಗಟ್ಟಲೆ ನಡೆಯಬಹುದು, ನಡೆಯಲೂಬೇಕು. ಅದಕ್ಕೆ ಅರ್ಧ ಗಂಟೆ ಬರೆದಿಟ್ಟರೆ ನಿಮ್ಮ ಪಟ್ಟಿಯೇ ತಪ್ಪು. ಊಟಕ್ಕಿಟ್ಟ ಕಡಂಬುಟ್ಟು (ಅಕ್ಕಿಯ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ) ಆರಿ ಗಟ್ಟಿಯಾಗುತ್ತವೆ. ಆ ಕುಣಿತದ ಹೊತ್ತಿಗೆ ಡಿಜೆ ಹಾಕಿ ವಾಲಗವನ್ನು ಮುಳುಗಿಸುವುದು ದೊಡ್ಡ ತಪ್ಪು. ಅರೆಭಾಷೆ ಗೌಡರ ಮನೆಯಲ್ಲಿ, ಮಾಪಿಳ್ಳೆಯವರ ಮನೆಯಲ್ಲಿ ಕ್ರಮ ಬೇರೆ. ಮುಂಗಡ ತೆಗೆದುಕೊಳ್ಳುವ ಮೊದಲು ಮನೆಯ ಹಿರಿಯರ ಜೊತೆ ಕೂತು ಕೇಳಿ ಬರೆದುಕೊಳ್ಳಿ.

ಬಿ.ಕಾಂ. ಓದು ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಬಾಬತ್ತಿಗೂ ದರ, ಸಾಗಣೆ, ಇಳಿಸುವ ಕೂಲಿ, ಮರುದಿನದ ಕಸ ತೆಗೆಸುವ ಖರ್ಚು ಬೇರೆಬೇರೆ ಬರೆದು, ಒಟ್ಟಿನ ಮೇಲೆ ಶೇ 10 ಅನಿರೀಕ್ಷಿತ ಖರ್ಚಿಗೆ ಇಡಿ. ಎಷ್ಟು ಗಂಟೆಗೆ ಬರಬೇಕು, ಕೆಟ್ಟರೆ ಬದಲಿ ಯಾರು ತರಬೇಕು ಎಂಬುದು ಕರಾರಿನಲ್ಲಿರಲಿ. ಕೊನೆಯ ಕಂತು ಕೆಲಸ ಮುಗಿದ ಮೇಲೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ತೋಟದ ಕಣವೂ ಸಿಗದು, ಆಳುಗಳೂ ಸಿಗರು. ಕಕ್ಕಡ ಮಾಸದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಕೊಡವರು ಮದುವೆ ಇಟ್ಟುಕೊಳ್ಳುವುದಿಲ್ಲ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಸರಾ ಮೆರವಣಿಗೆಯ ದಶಮಂಟಪಗಳು ಹೊರಡುವಾಗ ಪೇಟೆಯೊಳಗೆ ಗಾಡಿ ಆಡದು. ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೇ ದಿನ ಒಪ್ಪಿ.

ಪ್ರಶ್ನೆ: ಸಿದ್ದಾಪುರ ಬಳಿ ನಮ್ಮ ಕುಟುಂಬದ ಕೂಟ. ರಾತ್ರಿ 12ರವರೆಗೆ ಡಿಜೆ ಇಡಬಹುದೇ? ಮದ್ಯ ಕೊಡಲು ಅನುಮತಿ ಬೇಕೇ?

ಉತ್ತರ: ಬಯಲಿನಲ್ಲಿ ಇಡುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಮುಚ್ಚಿದ ಸಭಾಂಗಣದಲ್ಲಾದರೆ ಆ ಮಾತು ಬೇರೆ, ಆದರೆ ತೋಟದ ಚಪ್ಪರ ಮುಚ್ಚಿದ ಸಭಾಂಗಣವಲ್ಲ. ಮದ್ಯಕ್ಕೆ ಆ ದಿನದ ಮಟ್ಟಿಗಿನ ಸನ್ನದನ್ನು ಅಬಕಾರಿ ಇಲಾಖೆಯಿಂದ ಪಡೆಯಬೇಕು. ಎರಡು ವಾರ ಮೊದಲೇ ಅರ್ಜಿ ಹಾಕಿ.

ನೀವು ಕೇಳದಿದ್ದರೂ ಒಂದು ಮಾತು. ನಿಮ್ಮ ಕಡೆ ಆನೆಗಳು ತೋಟದಿಂದ ತೋಟಕ್ಕೆ ದಾಟುತ್ತವೆ. ರಾತ್ರಿ ಯಾರನ್ನೂ ಬೈಕಿನಲ್ಲಿ, ನಡೆದು ಕಳಿಸಬೇಡಿ. ಐದಾರು ಗಾಡಿ ಒಟ್ಟಿಗೆ ಹೊರಡಲಿ, ಮುಂದೆ ದಾರಿ ಬಲ್ಲವರ ಜೀಪು ಇರಲಿ. ಉಳಿದ ಊಟ, ಬಾಳೆದಿಂಡನ್ನು ಅಂಗಳದಲ್ಲಿ ಬಿಡದೆ ಅದೇ ರಾತ್ರಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸಿ.