ಹೋಂಸ್ಟೇ ಗಾಜು ತೊಳೆಯುವ ಕೆಲಸಕ್ಕೆ ಯಾವ ಪೋಲ್, ಯಾವ ನೀರು?

ಚಿಕ್ಕಮಗಳೂರಿನಲ್ಲಿ ಹೋಂಸ್ಟೇ, ರೆಸಾರ್ಟ್‌ಗಳ ಕಿಟಕಿ ಗಾಜು ತೊಳೆಯುವ ಕೆಲಸ ಶುರು ಮಾಡಬೇಕು ಅಂತಿದ್ದೀರಿ. ಅಂಗಡಿಯವರು 45 ಅಡಿಯ ಕಾರ್ಬನ್ ಫೈಬರ್ ಪೋಲ್ (ತುದಿಗೆ ಬ್ರಷ್ ಹಾಕಿ, ನೆಲದಲ್ಲೇ ನಿಂತು ಗಾಜು ತೊಳೆಯುವ ಉದ್ದನೆಯ ಕೋಲು) ಮತ್ತು ದೊಡ್ಡ ಆರ್‌ಒ ಮಷೀನ್ ಎರಡನ್ನೂ ಒಟ್ಟಿಗೆ ತಗೊಳ್ಳಿ ಅಂದಿದ್ದಾರೆ. ಅಷ್ಟು ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಇದೇ ಕೆಲಸ ಮಾಡುತ್ತೇನೆ, ಕೆಲಸದ ಮೇಲೆ ನಿಮ್ಮ ಕಡೆಗೂ ಬರುತ್ತಿರುತ್ತೇನೆ. ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ಟಿಡಿಎಸ್ ಮೀಟರ್ ತಗೊಳ್ಳಿ, ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ ಎಷ್ಟು ಅಂತ ಅಳೆಯುವುದು. ಪೆನ್ನಿನಷ್ಟೇ ಇರುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಿಮ್ಮ ಕೈಗೆ ಸಿಗುವ ನೀರು ಎಂಥದ್ದು ಅಂತ ಗೊತ್ತಾಗುವ ಮೊದಲೇ ಮಷೀನ್ ತಗೊಂಡರೆ ದುಡ್ಡು ಸುಮ್ನೆ ಹೋಗುತ್ತದೆ.

ಯಾಕೆ ಹೇಳ್ತೀನಿ ಅಂದರೆ, ಈ ಕೆಲಸದಲ್ಲಿ ಬಟ್ಟೆಯೂ ಇಲ್ಲ, ವೈಪರೂ ಇಲ್ಲ. ಪೈಪಿನಲ್ಲಿ ನೀರು ಮೇಲೆ ಹೋಗುತ್ತದೆ, ಬ್ರಷ್‌ನಿಂದ ಉಜ್ಜುತ್ತೀರಿ, ಅದೇ ನೀರಿನಲ್ಲಿ ತೊಳೆಯುತ್ತೀರಿ, ಹಾಗೇ ಒಣಗಲು ಬಿಡುತ್ತೀರಿ. ನೀರು ಆರಿ ಹೋಗುತ್ತದೆ, ನೀರಿನಲ್ಲಿದ್ದ ಸುಣ್ಣ, ಉಪ್ಪು ಗಾಜಿನ ಮೇಲೇ ಉಳಿಯುತ್ತದೆ. ಮನೆಯಲ್ಲೇ ನೋಡಬಹುದು. ಕಪ್ಪು ಬಟ್ಟೆಯ ಮೇಲೆ ಒಂದು ಗಾಜಿನ ತುಂಡು ಇಡಿ. ಬೋರ್‌ವೆಲ್ ನೀರು, ನಲ್ಲಿ ನೀರು, ಮಳೆನೀರು, ಮೂರನ್ನೂ ಒಂದೊಂದು ಹನಿ ಹಾಕಿ ಬಿಸಿಲಿಗೆ ಬಿಡಿ. ಬೋರ್‌ವೆಲ್ ಹನಿ ಒಣಗಿದ ಜಾಗದಲ್ಲಿ ಬಿಳಿ ಉಂಗುರ ಕೂರುತ್ತದೆ. ಹನಿಯ ಅಂಚಿನಲ್ಲೇ ಗಟ್ಟಿಯಾಗಿ, ನಡುವೆ ತೆಳ್ಳಗೆ. ಮಳೆನೀರಿನ ಹನಿ ಎಲ್ಲಿ ಹಾಕಿದ್ದೆವು ಅಂತ ಹುಡುಕಬೇಕಾಗುತ್ತದೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಟಿಡಿಎಸ್ 500ರವರೆಗೆ ಸರಿ, ಬೇರೆ ನೀರೇ ಇಲ್ಲ ಅಂದರೆ 2000ದವರೆಗೂ ಒಪ್ಪುತ್ತಾರೆ. ಗಾಜಿಗೆ ಆ ಲೆಕ್ಕ ನಡೆಯುವುದಿಲ್ಲ. ಮೀಟರ್‌ನಲ್ಲಿ 0 ಬರಬೇಕು, 10 ದಾಟಿದರೆ ಕಲೆ ಕಾಣಲು ಶುರು. ಮನೆಯ ಆರ್‌ಒ ನೀರನ್ನು ಹಾಗೇ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ರುಚಿಗೋಸ್ಕರ ಅದರಲ್ಲಿ ಸ್ವಲ್ಪ ಖನಿಜ ಬಿಟ್ಟಿರುತ್ತಾರೆ, ಜೊತೆಗೆ ಗಂಟೆಗೆ 10-15 ಲೀಟರ್ ಮಾತ್ರ ಬರುತ್ತದೆ. ನಿಮ್ಮ ಪೋಲ್ ನಿಮಿಷಕ್ಕೇ 1ರಿಂದ 2 ಲೀಟರ್ ಕುಡಿಯುತ್ತದೆ. ರೆಸಾರ್ಟ್‌ಗಳಲ್ಲಿ ಇರುವ ಸಾಫ್ಟ್‌ನರ್ ನೀರೂ ಬೇಡ. ಅದು ಸುಣ್ಣ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ ಅಷ್ಟೆ, ಟಿಡಿಎಸ್ ಇಳಿಯುವುದಿಲ್ಲ.

ಟಿಡಿಎಸ್ ಅನ್ನು ಸೊನ್ನೆಗೆ ಇಳಿಸುವುದು ಡಿಐ ರೆಸಿನ್, ನೀರಿನಲ್ಲಿ ಕರಗಿದ ಉಪ್ಪನ್ನು ಹಿಡಿದುಕೊಳ್ಳುವ ವಸ್ತು. ಸಣ್ಣ ಮಣಿಗಳು, ಸಿಲಿಂಡರ್‌ನಲ್ಲಿ ತುಂಬಿರುತ್ತಾರೆ. ಕರೆಂಟ್ ಬೇಡ, ನೀರೂ ವೇಸ್ಟ್ ಆಗುವುದಿಲ್ಲ. ಆದರೆ ಅದು ಖರ್ಚಾಗುತ್ತದೆ. ಎರಡು ತರದ ಮಣಿ ಬೆರೆಸಿದ್ದಾದ್ದರಿಂದ ಮನೆಯಲ್ಲಿ ಮತ್ತೆ ಚಾರ್ಜ್ ಮಾಡಲು ಬರುವುದಿಲ್ಲ, ಹೊಸದು ಹಾಕಬೇಕು. ಎಷ್ಟು ದಿನ ಬರುತ್ತದೆ ಅನ್ನುವುದು ಪೂರ್ತಿ ನಿಮ್ಮ ನೀರಿನ ಮೇಲೆ ನಿಂತಿದೆ. 50 ಪಿಪಿಎಂ (ಮೀಟರ್ ತೋರಿಸುವ ಟಿಡಿಎಸ್ ಅಂಕಿ) ನೀರಾದರೆ 1 ಲೀಟರ್ ರೆಸಿನ್ ಹೆಚ್ಚುಕಡಿಮೆ 400-500 ಲೀಟರ್ ನೀರು ಕೊಡುತ್ತದೆ. 500 ಪಿಪಿಎಂ ಬೋರ್‌ವೆಲ್ ನೀರಾದರೆ 40-50 ಲೀಟರ್‌ಗೇ ಮುಗಿಯುತ್ತದೆ. ಸಿಲಿಂಡರ್ ಒಂದೇ, ಮಣಿ ಒಂದೇ, ಖರ್ಚು ಹತ್ತು ಪಟ್ಟು.

ನಮ್ಮ ಎರಡು ಜಿಲ್ಲೆಗಳ ವಿಷಯ ಇಲ್ಲೇ ಬರುವುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಹಳ್ಳದ ನೀರು, ತೆರೆದ ಬಾವಿ ನೀರು ಸಾಮಾನ್ಯವಾಗಿ ತೆಳುವಾಗಿರುತ್ತದೆ, ಅಂದರೆ ಟಿಡಿಎಸ್ ಕಡಿಮೆ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರು ಗಡಸು. ಜಿಲ್ಲೆ ಒಂದೇ ಆದರೂ ನೀರು ಬೇರೆ, ಹಾಗಾಗಿ ಮಷೀನೂ ಬೇರೆ. ನಿಮ್ಮ ಊರಿಗೆ ಹಿರೇಕೊಳಲೆ ಕೆರೆ, ಯಗಚಿ ನೀರು ಬರುತ್ತದೆ, ನಮಗೆ ಹೇಮಾವತಿ. ನಲ್ಲಿ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆದು ಬರೆದಿಡಿ. 100ರ ಒಳಗೆ ಇದ್ದರೆ ಬರೀ ರೆಸಿನ್ ಸಾಕು, ಆರ್‌ಒ ಬೇಡವೇ ಬೇಡ.

ಇನ್ನು ಮಳೆನೀರು. ಮಲೆನಾಡಿನ ಅಂಚಿನಲ್ಲಿ ಇದ್ದುಕೊಂಡು ಅದನ್ನು ಬಿಟ್ಟು ಮಷೀನಿಗೆ ಲಕ್ಷಗಟ್ಟಲೆ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಶೀಟ್ ಅಥವಾ ಹೆಂಚಿನ ಮಾಡಿನ ನೀರು ಹಿಡಿಯಿರಿ. ಮೊದಲ ಒಂದೆರಡು ಮಳೆ ಮಾಡನ್ನು ತೊಳೆದು ಹೋಗಲಿ, ಆಮೇಲಿನದ್ದನ್ನು ಬಟ್ಟೆಯಲ್ಲಿ ಸೋಸಿ ತುಂಬಿ. ಆರ್‌ಸಿಸಿ ತಾರಸಿ ನೀರು ಬೇಡ, ಸಿಮೆಂಟ್ ಸಂಪ್‌ನಲ್ಲಿ ಇಡುವುದೂ ಬೇಡ. ಸಿಮೆಂಟ್‌ನಿಂದ ಸುಣ್ಣ ಬಿಟ್ಟುಕೊಂಡು ಟಿಡಿಎಸ್ ಏರುತ್ತದೆ. ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಒಳ್ಳೆಯದು, ಬೆಳಕು ಹೋಗದಿದ್ದರೆ ಪಾಚಿ ಕಟ್ಟುವುದಿಲ್ಲ. ಇಂಥ ನೀರನ್ನು ರೆಸಿನ್‌ಗೆ ಕೊಟ್ಟರೆ ಸಿಲಿಂಡರ್ ಬಹಳ ಕಾಲ ಬರುತ್ತದೆ. ಬೇಸಿಗೆಗೆ ಟ್ಯಾಂಕ್ ಖಾಲಿಯಾದರೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಕೊಳ್ಳಬಹುದು, ಅಳೆದು ನೋಡಿ, ಅದನ್ನೂ ರೆಸಿನ್‌ಗೆ ಕೊಟ್ಟೇ ಬಳಸಿ. ಜನ ಬಿಂದಿಗೆ ಹಿಡಿದು ಸಾಲು ನಿಂತಿರುವಾಗ ಮಾತ್ರ ಬೇಡ. ಅದು ಕುಡಿಯಲು ಇಟ್ಟಿರುವ ನೀರು.

ಕಡೂರು, ಅರಸೀಕೆರೆ ಕಡೆಯ ಕೆಲಸವೇ ಜಾಸ್ತಿ ಸಿಗುತ್ತದೆ ಅಂದರೆ ಆಗ ಆರ್‌ಒ ತಗೊಳ್ಳಿ. ಮೊದಲು ಕೆಸರು ತಡೆಯುವ ಫಿಲ್ಟರ್, ಆಮೇಲೆ ಕಾರ್ಬನ್ ಫಿಲ್ಟರ್, ಆಮೇಲೆ ಮೆಂಬ್ರೇನ್ (ಉಪ್ಪು ತಡೆಯುವ ಪೊರೆ), ಕೊನೆಗೆ ರೆಸಿನ್. ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಗುತ್ತದೆ, ಅದಕ್ಕೇ ಕಾರ್ಬನ್ ಬೇಕು. ಮೆಂಬ್ರೇನ್ ಸರಿಯಿದ್ದರೆ ಕರಗಿದ ಉಪ್ಪಿನಲ್ಲಿ 90 ಪರ್ಸೆಂಟ್‌ಗೂ ಜಾಸ್ತಿ ಅಲ್ಲೇ ನಿಲ್ಲುತ್ತದೆ. ಆದರೆ ಸಣ್ಣ ಮಷೀನ್‌ಗಳಲ್ಲಿ ಒಳಗೆ ಹೋದ ನೀರಿನಲ್ಲಿ ಅರ್ಧವೋ ಅದಕ್ಕಿಂತ ಜಾಸ್ತಿಯೋ ವೇಸ್ಟ್ ಆಗಿ ಹೊರಗೆ ಬರುತ್ತದೆ. ನೀರಿಗೆ ಬರ ಇರುವ ಊರು, ಚರಂಡಿಗೆ ಬಿಡಬೇಡಿ. ನೆಲ ತೊಳೆಯಲು, ಟಾಯ್ಲೆಟ್‌ಗೆ ಆಗುತ್ತದೆ.

ಪಂಪ್‌ಗೆ ಜಾಸ್ತಿ ಖರ್ಚು ಬೇಡ. ತೋಟದ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಇರುತ್ತದಲ್ಲ, ಅದೇ 12 ವೋಲ್ಟ್ ಡಯಾಫ್ರಂ ಪಂಪ್ ಸಾಕು. 30 ಅಡಿ ಮೇಲಕ್ಕೆ ನೀರು ಏರಿಸಲು 1 ಬಾರ್‌ನಷ್ಟು ಒತ್ತಡ ಬೇಕು, ಪೈಪಿನ ಉದ್ದಕ್ಕೆ ಇನ್ನಷ್ಟು, ಅಷ್ಟನ್ನು ಅದು ಕೊಡುತ್ತದೆ. ಆದರೆ ಹೊಸದು ತಗೊಳ್ಳಿ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ಪಂಪ್, ಪೈಪ್ ಯಾವುದನ್ನೂ ಮುಟ್ಟಬೇಡಿ. ಮೈಲುತುತ್ತ, ಸುಣ್ಣ ಎಲ್ಲ ಒಳಗೆ ಹಿಡಿದಿರುತ್ತದೆ, ಎಷ್ಟು ತೊಳೆದರೂ ಗಾಜಿನ ಮೇಲೆ ಬರುತ್ತದೆ.

ಈಗ ಪೋಲ್. ಕೊಪ್ಪ, ಎನ್‌.ಆರ್‌. ಪುರದ ಕಡೆ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ, ನೋಡಿರುತ್ತೀರಿ. ಗಾಜು ತೊಳೆಯುವ ಪೋಲ್ ಅದರ ಜಾತಿಯದ್ದೇ. ದೋಟಿಯನ್ನೇ ಬಳಸಬಹುದಾ ಅಂದರೆ, ನನ್ನ ಪ್ರಕಾರ ಬೇಡ. ದೋಟಿಯನ್ನು ಹೆಚ್ಚಾಗಿ ನೆಟ್ಟಗೆ ಹಿಡಿಯುತ್ತಾರೆ. ಇಲ್ಲಿ ನೀವು ಗೋಡೆಯಿಂದ ದೂರ ನಿಂತು, ಓರೆಯಾಗಿ ಹಿಡಿದು, ಮೇಲೆ ಕೆಳಗೆ ಉಜ್ಜುತ್ತಲೇ ಇರಬೇಕು. ಪೋಲ್ ಬಳುಕಿದರೆ ಕೈಯ ಶಕ್ತಿ ಎಲ್ಲ ಆ ಬಳುಕಿಗೇ ಹೋಗುತ್ತದೆ, ಬ್ರಷ್ ಗಾಜಿಗೆ ಕೂರುವುದಿಲ್ಲ. ಅದಕ್ಕೇ ತೂಕದಷ್ಟೇ ಬಿಗಿಯನ್ನೂ ನೋಡಿ. ಅಂಗಡಿಯಲ್ಲಿ ಪೂರ್ತಿ ಉದ್ದ ಎಳೆದು, ಬ್ರಷ್ ಹಾಕಿಸಿ, ಗೋಡೆಗೆ ಇಟ್ಟು ಹತ್ತು ನಿಮಿಷ ಉಜ್ಜಿ ನೋಡಿ. ಸುಮ್ನೆ ಎತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೋಲ್‌ನ ತುಂಡುಗಳನ್ನು ಬಿಗಿ ಮಾಡುವ ಕ್ಲ್ಯಾಂಪ್ ಒದ್ದೆ ಕೈಯಲ್ಲಿ ತೆಗೆಯಲು, ಹಾಕಲು ಬರಬೇಕು, ಬಿಡಿಯಾಗಿಯೂ ಸಿಗಬೇಕು.

ಹೋಂಸ್ಟೇಗಳು ಹೆಚ್ಚಾಗಿ ನೆಲಮಹಡಿ, ಮೇಲೊಂದು ಮಹಡಿ. ಅದಕ್ಕೆ 25 ಅಡಿ ಸಾಕು. ಗ್ಲಾಸ್ ಫೈಬರ್ ಮತ್ತು ಕಾರ್ಬನ್ ಬೆರೆಸಿದ ಹೈಬ್ರಿಡ್ ತಗೊಳ್ಳಿ. 35 ಅಡಿ ದಾಟಿದ ಮೇಲೆ ಮಾತ್ರ ಪೂರ್ತಿ ಕಾರ್ಬನ್ ಬೇಕಾಗುತ್ತದೆ. 45 ಅಡಿ ಪೋಲ್ ತಗೊಂಡು ದಿನಾ ಕೆಳಗಿನ ಕಿಟಕಿ ತೊಳೆದರೆ ಬಳಸದ ತುಂಡುಗಳ ಭಾರವನ್ನೂ ನೀವೇ ಹೊರಬೇಕು, ಅಲ್ವಾ?

ಕರೆಂಟ್ ಲೈನ್ ಬಗ್ಗೆ ಕೈಮುಗಿದು ಹೇಳುತ್ತೇನೆ. ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜನ ಸತ್ತ ಸುದ್ದಿ ನಮ್ಮ ಕಡೆ ಎಲ್ಲರೂ ಕೇಳಿದ್ದಾರೆ. ಕಾರ್ಬನ್ ಫೈಬರ್‌ನಲ್ಲೂ ಕರೆಂಟ್ ಹರಿಯುತ್ತದೆ. ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಗ್ಲಾಸ್ ಫೈಬರ್ ಶಾಕ್ ಹೊಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒದ್ದೆಯಾದ, ಕೊಳೆ ಹಿಡಿದ ಪೋಲ್ ಯಾವುದೂ ಸುರಕ್ಷಿತ ಅಲ್ಲ. ತೋಟದ ನಡುವಿನ ಮನೆಗಳಲ್ಲಿ ಪೋಲ್ ಎತ್ತುವ ಮೊದಲು ಸುತ್ತ ಒಂದು ಸುತ್ತು ಬಂದು ತಂತಿ ಎಲ್ಲಿದೆ ನೋಡಿ. ಪೋಲ್ ಬಿದ್ದರೂ ತಾಗದಷ್ಟು ದೂರ ಇಲ್ಲದಿದ್ದರೆ ಆ ಕಿಟಕಿ ಬಿಡಿ. ಏಪ್ರಿಲ್, ಮೇನಲ್ಲಿ ಗುಡುಗು ಕೇಳಿದ ಕೂಡಲೇ ಪೋಲ್ ಇಳಿಸಿ.

ಕೆಲಸದ ರೀತಿ ಬೇಗ ಕೈಗೆ ಹತ್ತುತ್ತದೆ. ಸೋಪು ಬೇಡ. ಮೊದಲು ಮೇಲಿನ ಚೌಕಟ್ಟು ತೊಳೆಯಿರಿ, ಇಲ್ಲದಿದ್ದರೆ ಅಲ್ಲಿಂದ ಕೊಳೆನೀರು ಇಳಿದು ಒಣಗಿದ ಗಾಜಿನ ಮೇಲೆ ಗೆರೆ ಬೀಳುತ್ತದೆ. ಹುಲ್ಲುಹಾಸಿನ ಸ್ಪ್ರಿಂಕ್ಲರ್ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಗಾಜಿಗೆ ಚಿಮ್ಮಿಸಿದ್ದರೆ ಆ ಬಿಳಿ ಕಲೆ ಶುದ್ಧ ನೀರಿಗೆ ಹೋಗುವುದಿಲ್ಲ. ವಿನೆಗರ್ ಹಚ್ಚಿ ಕೈಯಲ್ಲೇ ಉಜ್ಜಬೇಕು, ಆಗಲೂ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಬೇಡಿ. ಇದನ್ನು ದರ ಮಾತಾಡುವಾಗಲೇ ಮಾಲೀಕರಿಗೆ ತೋರಿಸಿ.

ಇನ್ನೊಂದು, ಸಜ್ಜದ ಕೆಳಗೆ ಕಣ್ಣಾಡಿಸಿ. ಎತ್ತರದ ಕಟ್ಟಡ ಅಂದರೆ ಹೆಜ್ಜೇನಿಗೆ ಇಷ್ಟ. ಬ್ರಷ್ ತಾಗುವುದೇ ಬೇಡ, ನೀರು ಚಿಮ್ಮಿದರೂ ಎದ್ದು ಬರುತ್ತವೆ, ಕೈಯಲ್ಲಿ ಪೋಲ್ ಹಿಡಿದವರು ಓಡಲೂ ಆಗುವುದಿಲ್ಲ. ಗೂಡು ಕಂಡರೆ ಆ ಕಡೆಯ ಗೋಡೆ ಪೂರ್ತಿ ಬಿಡಿ. ಅವು ವಲಸೆ ಹೋಗುವ ಹುಳ, ಕೆಲವು ತಿಂಗಳಲ್ಲಿ ತಾವೇ ಜಾಗ ಖಾಲಿ ಮಾಡುತ್ತವೆ. ಹೊಗೆ ಹಾಕಿಸಬೇಡಿ, ಅವು ಹೋದ ಮೇಲೆ ಫೋನ್ ಮಾಡಿ, ಆ ಗಾಜು ಆಗ ತೊಳೆದು ಕೊಡುತ್ತೇನೆ ಅಂತ ಮಾಲೀಕರಿಗೆ ಹೇಳಿ ಬನ್ನಿ.