ಕಲ್ಲು ಜಾರುತ್ತೆ ಅಂತ ಇನ್ನಷ್ಟು ತಂತಿ ಸುತ್ತಬೇಡಿ

ನಾನು ಬಾಗಲಕೋಟೆಯಲ್ಲಿ ಕೂತು ಉತ್ತರ ಬರೆಯುತ್ತೇನೆ. ಪ್ರಶ್ನೆಗಳು ಬೆಳಗಾವಿಯಿಂದ ಇಂಡಿಯವರೆಗೆ ಎಲ್ಲ ಕಡೆಯಿಂದ ಬರುತ್ತವೆ. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ: ತಂತಿ ಸುತ್ತಿ ಮಾಡಿದ ಪೆಂಡೆಂಟಿನಿಂದ ಕಲ್ಲು ಯಾಕೆ ಜಾರಿ ಬೀಳುತ್ತದೆ? ಹೋದ ಸಲ ಅದಕ್ಕೆ ಎರಡು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಈ ಸಲ ಮತ್ತೆ ಬಂದಿದೆ, ಅದೂ ಕಟ್ಟುಗಟ್ಟಲೆ. ಹಾಗಾಗಿ ಇವತ್ತು ಹೆಚ್ಚಿನ ಜಾಗ ಅದಕ್ಕೇ. ಉಳಿದವರಿಗೆ ಕೊನೆಯಲ್ಲಿ ಚುಟುಕಾಗಿ ಉತ್ತರ, ಬೇಜಾರು ಮಾಡಿಕೊಳ್ಳಬೇಡಿ. ಇಕ್ಕಳ ಹಿಡಿಯುವುದು ಹೇಗೆ, ತಂತಿ ಕತ್ತರಿಸುವುದು ಹೇಗೆ ಅಂತ ನಾನು ಹೇಳಲ್ಲ. ಅದು ನಾಲ್ಕು ದಿನ ಮಾಡಿದರೆ ಕೈಗೆ ತಾನೇ ಬರುತ್ತದೆ.

ಅಕ್ಕಾ, ವಿಡಿಯೋ ನೋಡಿ ಪಾಲಿಶ್ ಮಾಡಿದ ಅಗೇಟ್ ಕಲ್ಲಿಗೆ ತಾಮ್ರದ ತಂತಿ ಸುತ್ತಿ ಪೆಂಡೆಂಟ್ ಮಾಡಿದೆ. ಎರಡೇ ದಿನಕ್ಕೆ ಕಲ್ಲು ಜಾರಿ ಬಿತ್ತು. ಇನ್ನಷ್ಟು ತಂತಿ ಸುತ್ತಿದೆ, ಮತ್ತೆ ಬಿತ್ತು. ಕಲ್ಲು ಜಾಸ್ತಿ ನುಣುಪಾಯಿತಾ? ಸೂಪರ್ ಗ್ಲೂ ಹಾಕಲಾ? ಫೋಟೋ ಕಳಿಸಿದ್ದೇನೆ. — ಗೋಕಾಕದ ಓದುಗರು

ಗ್ಲೂ ಹಾಕಬೇಡ ತಂಗಿ. ಆ ಅಂಟು ಒಣಗುವಾಗ ಸುತ್ತಲೂ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಹೊಳೆಯುವ ಕಲ್ಲಿನ ಮೇಲೆ ಅದು ಎದ್ದು ಕಾಣುತ್ತದೆ. ಅಂಟಿನಿಂದಲೇ ನಿಲ್ಲಿಸುವುದಾದರೆ ತಂತಿ ಯಾಕೆ ಬೇಕು?

ನಿನ್ನ ಫೋಟೋದಲ್ಲಿ ಒಂಬತ್ತು ಸುತ್ತು ಎಣಿಸಿದೆ. ಒಂಬತ್ತೂ ಕಲ್ಲಿನ ಹೊಟ್ಟೆಗೇ ಸುತ್ತಿದ್ದೀಯ. ಹೊಟ್ಟೆಯೇ ಕಲ್ಲಿನ ಅಗಲವಾದ ಜಾಗ ಅಲ್ವಾ? ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಇಳಿಜಾರು. ತಂತಿ ಕೂದಲೆಳೆಯಷ್ಟು ಸರಿದರೂ ಸಾಕು, ಮುಂದೆ ಎಲ್ಲ ಸಡಿಲ. ಒಂಬತ್ತರ ಬದಲು ಹತ್ತೊಂಬತ್ತು ಸುತ್ತಿದರೂ ಅಷ್ಟೇ, ಕಲ್ಲು ಕಾಣದ ಹಾಗೆ ಆಗುತ್ತದೆ, ಬೀಳುವುದು ನಿಲ್ಲಲ್ಲ.

ಅಜ್ಜಿಯ ಅಡುಗೆಮನೆಯ ನೆಲುವು ನೋಡಿದ್ದೀಯಾ? ಬೆಣ್ಣೆ ಗಡಿಗೆ ಬೆಕ್ಕಿಗೆ ಸಿಗಬಾರದು ಅಂತ ಜಂತಿಗೆ ತೂಗುಹಾಕುತ್ತಿದ್ದರಲ್ಲ, ಅದು. ಗಡಿಗೆಯ ಹೊಟ್ಟೆಗೆ ಹಗ್ಗ ಬಿಗಿದು ಯಾರೂ ತೂಗುಹಾಕುತ್ತಿರಲಿಲ್ಲ. ತಳದಲ್ಲಿ ಒಂದು ಸಿಂಬೆ, ಅದು ಹೊಟ್ಟೆಗಿಂತ ಸಣ್ಣದು. ಅಲ್ಲಿಂದ ಹಗ್ಗಗಳು ಮೇಲೆ ಬಂದು ಒಂದು ಕಡೆ ಕೂಡುತ್ತವೆ. ಗಡಿಗೆಗೆ ಎಣ್ಣೆ ಬಳಿದಿಟ್ಟರೂ ಬೀಳಲ್ಲ, ಯಾಕೆಂದರೆ ಬೀಳುವುದಕ್ಕೆ ದಾರಿಯೇ ಇಲ್ಲ. ತಂತಿಯ ಪೆಂಡೆಂಟ್ ಅಂದರೆ ಅದೇ ನೆಲುವು. ನಮ್ಮ ತಂದೆ ಪತ್ತಾರಿಕೆ, ಅಂದರೆ ಅಕ್ಕಸಾಲಿಗರ ಕೆಲಸ, ಮಾಡುತ್ತಿದ್ದರು. ಕಲ್ಲು ಕೂರಿಸುವಾಗ ಅವರು ಕಲ್ಲನ್ನು ಯಾವತ್ತೂ ಜೋರಾಗಿ ಒತ್ತಿದ್ದು ನೋಡಿಲ್ಲ. ಅಂಚಿನ ಮೇಲೆ ಲೋಹ ಒಂದಿಷ್ಟು ಬಾಗಿದರೆ ಮುಗಿಯಿತು.

ಈಗ ಮಾಡುವುದು ಹೇಗೆ ಅಂತ ನೋಡು. ಮೊದಲ ಸಲಕ್ಕೆ ಗುಂಡನೆಯ ಕಲ್ಲು ತಗೋಬೇಡ. ಅದು ಕೈ ಪಳಗಿದವರಿಗೂ ಕಾಟ ಕೊಡುತ್ತದೆ. ಚಪ್ಪಟೆ, ಮೊಟ್ಟೆಯಾಕಾರ, ಮೂರು ಸೆಂಟಿಮೀಟರ್ ಉದ್ದ ಇರಲಿ. ಅಂಚಿನ ಸುತ್ತ ದಾರ ಹಿಡಿದು ಅಳೆ. ಬಂದ ಅಳತೆಗೆ 12 ಸೆಂಟಿಮೀಟರ್ ಸೇರಿಸು. ಅಷ್ಟು ಉದ್ದದ, 0.8 ಮಿಲಿಮೀಟರ್ ದಪ್ಪದ ತಂತಿ ಮೂರು ಬೇಕು. ಇವು ಚೌಕಟ್ಟು. ಕಟ್ಟುವುದಕ್ಕೆ 0.4 ಮಿಲಿಮೀಟರ್ ತಂತಿ ಒಂದು ಮೀಟರ್.

ಮೂರು ತಂತಿಗಳನ್ನು ಚಾಪೆಯ ಕಡ್ಡಿ ಹಾಗೆ ಪಕ್ಕಪಕ್ಕ ಮಲಗಿಸು. ನಟ್ಟನಡುವೆ ಸಣ್ಣ ತಂತಿಯಿಂದ ಐದಾರು ಸುತ್ತು ಕಟ್ಟು. ಇದು ಕಲ್ಲಿನ ತಳಕ್ಕೆ ಬರುತ್ತದೆ. ಅದರ ಎಡಕ್ಕೊಂದು, ಬಲಕ್ಕೊಂದು ಕಟ್ಟು ಹಾಕು. ಅವು ಕಲ್ಲಿನ ಎರಡು ಪಕ್ಕಕ್ಕೆ ಬರಬೇಕು. ಈಗ ಮೂರೂ ತಂತಿಗಳನ್ನು ಒಟ್ಟಿಗೆ ಕಲ್ಲಿನ ಅಂಚಿನ ಸುತ್ತ ಬಗ್ಗಿಸಿ ಮೇಲೆ ಕೂಡಿಸು. ಅಲ್ಲಿ ಸದ್ಯಕ್ಕೆ ಬಿಗಿಯಬೇಡ, ಬೆರಳಲ್ಲಿ ಹಿಡಿದುಕೋ.

ಇಲ್ಲೇ ಎಲ್ಲರೂ ಎಡವುತ್ತಾರೆ. ಸಣ್ಣ ತಂತಿಯನ್ನು ತಂದು ಕಲ್ಲಿನ ಮೇಲೇ ಸುತ್ತತೊಡಗುತ್ತಾರೆ. ಸಣ್ಣ ತಂತಿ ಕಲ್ಲನ್ನು ಹಿಡಿಯುವುದಕ್ಕೆ ಇರುವುದೇ ಅಲ್ಲ. ಅದು ತಂತಿಗೆ ತಂತಿಯನ್ನು ಕಟ್ಟುವುದಕ್ಕೆ. ಕಲ್ಲನ್ನು ಹಿಡಿಯುವುದು ದಪ್ಪ ತಂತಿ. ಈ ಒಂದು ಮಾತು ಯಾವ ವಿಡಿಯೋದವರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಬರೀ ಕೈ ತೋರಿಸುತ್ತಾರೆ, ಹಿಂದೆ ಹಾಡು ಹಾಕುತ್ತಾರೆ.

ಮೂರರಲ್ಲಿ ನಡುವಿನ ತಂತಿ ಅಂಚಿನ ಮೇಲೆಯೇ ಇರಲಿ. ಮುಂದಿನ ತಂತಿಯನ್ನು ಎರಡು ಕಟ್ಟುಗಳ ನಡುವಿನ ಜಾಗದಲ್ಲಿ ಇಕ್ಕಳದ ತುದಿಯಿಂದ ಹಿಡಿದು ಕಲ್ಲಿನ ಮುಖದ ಕಡೆ ಎಳೆ. ಎರಡು ಮಿಲಿಮೀಟರ್ ಒಳಗೆ ಬಂದರೆ ಸಾಕು. ಹಿಂದಿನದನ್ನು ಹಾಗೇ ಬೆನ್ನಿನ ಕಡೆಗೆ ಎಳೆ. ಈಗ ಕಲ್ಲಿನ ಮುಂದೆ ಒಂದು ಬಳೆ, ಹಿಂದೆ ಒಂದು ಬಳೆ ಆಯಿತು. ಎರಡೂ ಕಲ್ಲಿಗಿಂತ ಸಣ್ಣವು. ಹೇಳು, ಕಲ್ಲು ಎಲ್ಲಿಂದ ಹೊರಗೆ ಬರಬೇಕು?

ಆಮೇಲೆ ತಂತಿಗಳು ಮೇಲೆ ಕೂಡುವ ಕುತ್ತಿಗೆಯನ್ನು ಸಣ್ಣ ತಂತಿಯಿಂದ ಬಿಗಿ, ಐದಾರು ಸುತ್ತು. ಮೇಲೆ ಉಳಿದಿರುವ ಆರು ತುದಿಗಳಲ್ಲಿ ಎರಡನ್ನು ಪೆನ್ನಿನ ಮೇಲೆ ಬಾಗಿಸಿ ಕೊಂಡಿ ಮಾಡು. ಸರದ ಕೊಕ್ಕೆ ಅದರಲ್ಲಿ ತೂರುತ್ತದಾ ಅಂತ ಮೊದಲೇ ನೋಡಿಕೋ. ಉಳಿದವನ್ನು ಸುರುಳಿ ಮಾಡು, ಬಳ್ಳಿ ಮಾಡು, ನಿನ್ನಿಷ್ಟ. ಅಲಂಕಾರದ ಬಗ್ಗೆ ನನ್ನನ್ನು ಕೇಳಬೇಡ, ನನಗೆ ಜಾಸ್ತಿ ಸುರುಳಿ ಕಂಡರೆ ಆಗಲ್ಲ. ತುದಿಗಳನ್ನು ಮಾತ್ರ ಒತ್ತಿ ಮಲಗಿಸು. ಹತ್ತಿಯ ತುಣುಕು ಎಳೆದು ನೋಡು. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ನಾಳೆ ಇಳಕಲ್ ಸೀರೆಯ ಸೆರಗೂ ಸಿಕ್ಕಿಕೊಳ್ಳುತ್ತದೆ.

ಮತ್ತೊಂದು. ತಂತಿಯನ್ನು ಒಂದೇ ಜಾಗದಲ್ಲಿ ಹತ್ತು ಸಲ ಬಗ್ಗಿಸಿ ನೆಟ್ಟಗೆ ಮಾಡಬೇಡ. ತಾಮ್ರ ಬಗ್ಗಿಸಿದಷ್ಟೂ ಗಟ್ಟಿಯಾಗುತ್ತದೆ, ಕೊನೆಗೆ ಪಟ್ಟನೆ ಮುರಿಯುತ್ತದೆ. ಬರಿ ತಾಮ್ರವಾದರೆ, ಕಲ್ಲು ತೆಗೆದು, ಗ್ಯಾಸ್ ಉರಿಯಲ್ಲಿ ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಕಲ್ಲಿನ ಜೊತೆ ಕಾಯಿಸಬೇಡ, ಕಲ್ಲು ಒಡೆಯುತ್ತದೆ.

ಮುಗಿದ ಮೇಲೆ ಹಾಸಿಗೆಯ ಮೇಲೆ ಹಿಡಿದು ಜೋರಾಗಿ ಅಲ್ಲಾಡಿಸು. ಹಿಂದಿನಿಂದ ಹೆಬ್ಬೆರಳಿನಿಂದ ಒತ್ತು. ಕಟಕಟ ಸದ್ದು ಬಂದರೆ ಯಾವುದೋ ಕಡೆ ಬಳೆ ದೊಡ್ಡದಾಗಿದೆ ಅಂತ. ಅಲ್ಲಿ ಮತ್ತೆ ಒಳಗೆ ಎಳೆ.

ಇಷ್ಟು ಬೈದೆ ಅಂತ ಅಳಬೇಡ. ನನ್ನ ಮೊದಲ ಪೆಂಡೆಂಟನ್ನು ಸೋದರತ್ತೆಗೆ ಕೊಟ್ಟಿದ್ದೆ. ಅವರು ಅದನ್ನು ಹಾಕಿಕೊಂಡೇ ರೊಟ್ಟಿ ಬಡಿಯಲು ಕೂತರು. ಎರಡನೆಯ ರೊಟ್ಟಿಗೆ ಕಲ್ಲು ಜೋಳದ ಹಿಟ್ಟಿನಲ್ಲಿತ್ತು. ಖಾಲಿ ತಂತಿಯನ್ನು ನನ್ನ ಕೈಗಿಟ್ಟು, "ಗೂಡ ಐತಿ ನೋಡವಾ, ಹಕ್ಕಿ ಹಾರೇತಿ" ಅಂದರು. ಅದಕ್ಕೂ ಹೊಟ್ಟೆಗೇ ಸುತ್ತಿದ್ದೆ.

ವಿಡಿಯೋದಲ್ಲಿ 20 ಗೇಜ್ ಅಂತಾರೆ. ನಮ್ಮೂರಲ್ಲಿ 20 ಗೇಜ್ ಕೇಳಿ ತಂದರೆ ದಪ್ಪ ಬರುತ್ತೆ. ಅಂಗಡಿಯವರು ಮೋಸ ಮಾಡ್ತಿದ್ದಾರಾ? — ಬೈಲಹೊಂಗಲ

ಇಲ್ಲ. ಗೇಜ್ ಅಂದರೆ ತಂತಿಯ ದಪ್ಪ ಹೇಳುವ ಸಂಖ್ಯೆ. ವಿಡಿಯೋದವರದು ಅಮೆರಿಕದ ಗೇಜ್, ಅದರಲ್ಲಿ 20 ಅಂದರೆ 0.81 ಮಿಲಿಮೀಟರ್. ನಮ್ಮ ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಬ್ರಿಟಿಷರ ಗೇಜ್, ಅದರಲ್ಲಿ 20 ಅಂದರೆ 0.91. ಎರಡೂ ಕಡೆ ಸಂಖ್ಯೆ ಒಂದೇ, ತಂತಿ ಬೇರೆ. ಮಿಲಿಮೀಟರ್ ಹೇಳಿ ಕೇಳಿ, ಜಗಳ ಮುಗಿಯಿತು.

ಅಲ್ಲಿ ಸಿಗುವ ತಂತಿಗೆ ವಾರ್ನಿಶ್ ಇರುತ್ತದೆ. ಕಲಿಯುವುದಕ್ಕೆ ಚೆನ್ನಾಗಿದೆ, ಕೊರಳು ಹಸಿರಾಗುವುದೂ ಕಡಿಮೆ. ಆದರೆ ಇಕ್ಕಳ ತಾಗಿದಲ್ಲಿ ಕಿತ್ತು ಮಚ್ಚೆ ಬೀಳುತ್ತದೆ. ಹಲ್ಲಿಲ್ಲದ ಇಕ್ಕಳ ಬಳಸಿ. ವಾರ್ನಿಶ್ ತೆಗೆಯಲು ಒಲೆಗೆ ಹಿಡಿಯಬೇಡಿ. ಆ ಹೊಗೆ ಎದೆಗೆ ಒಳ್ಳೆಯದಲ್ಲ. ಮೆತ್ತಗೆ ಮಾಡಬೇಕು ಅಂತ ನಾನು ಮೇಲೆ ಹೇಳಿದ್ದು ಬರಿ ತಾಮ್ರಕ್ಕೆ.

ತಾಮ್ರದ ಪೆಂಡೆಂಟ್ ಹಾಕಿದರೆ ಎದೆ ಹಸಿರಾಗುತ್ತೆ. ಮೈಯೊಳಗಿನ ವಿಷ ಎಳೆಯುತ್ತೆ ಅಂತ ಕಲ್ಲು ಮಾರುವವರು ಹೇಳಿದರು. ಕೀಲುನೋವಿಗೂ ಒಳ್ಳೆಯದಂತೆ, ಹೌದಾ? — ವಿಜಯಪುರ

ವಿಷವೂ ಇಲ್ಲ, ಮಣ್ಣೂ ಇಲ್ಲ. ತಾಮ್ರಕ್ಕೆ ಬೆವರು ತಾಗಿ ಹಸಿರು ಲವಣ ಆಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಆಗದೆ ಇನ್ನೇನಾಗುತ್ತದೆ? ಸೋಪು ಹಚ್ಚಿ ತೊಳೆದರೆ ಹೋಗುತ್ತದೆ. ಕೀಲುನೋವಿನ ಮಾತನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಸಂಧಿವಾತದ 70 ರೋಗಿಗಳಿಗೆ ತಾಮ್ರದ ಬಳೆ ತೊಡಿಸಿ ನೋಡಿ, 2013ರಲ್ಲಿ ವರದಿ ಪ್ರಕಟಿಸಿದರು. ನೋವಿಗಾಗಲಿ ಊತಕ್ಕಾಗಲಿ ಹುಸಿ ಬಳೆಗಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ಕಲ್ಲು ಚೆಂದ ಇದೆ ಅಂತ ಹಾಕಿಕೊಳ್ಳಿ. ಕಲ್ಲು ಹಾಕಿಕೊಂಡೆ ಅಂತ ಬಿಪಿ ಮಾತ್ರೆ ಬಿಟ್ಟವರನ್ನು ನಾನೇ ನೋಡಿದ್ದೇನೆ, ಅದಕ್ಕೇ ಇಷ್ಟು ಸಿಟ್ಟು.

ಜರ್ಮನ್ ಸಿಲ್ವರ್ ತಂತಿ ಬಳಸಬಹುದಾ? ಬೆಳ್ಳಿಗಿಂತ ಅಗ್ಗ. — ಜಮಖಂಡಿ

ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ಕೆಲವರ ಚರ್ಮಕ್ಕೆ ನಿಕ್ಕಲ್ ಆಗಲ್ಲ, ತುರಿಕೆ, ಗುಳ್ಳೆ ಬರುತ್ತವೆ. ಹಸಿರು ಕಲೆ ತೊಳೆದರೆ ಹೋಗುತ್ತದೆ, ಇದು ತೊಳೆದರೆ ಹೋಗಲ್ಲ. ನಾನು ಬಳಸಲ್ಲ.

ಇಳಕಲ್ ಕೆಂಪು ಗ್ರಾನೈಟ್ ಚೂರಿಗೆ ಮನೆಯ ಡ್ರಿಲ್ಲಿಂದ ತೂತು ಹೊಡೆದರೆ ತಂತಿ ಸುತ್ತುವ ತಾಪತ್ರಯವೇ ಇರಲ್ಲ ಅಲ್ವಾ? — ಇಳಕಲ್

ದಯವಿಟ್ಟು ಬೇಡ. ಒಣ ಕಲ್ಲು ಕೊರೆದರೆ ಏಳುವ ಸಣ್ಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶಕ್ಕೆ ಹೋದರೆ ಅದು ಹೊರಗೆ ಬರಲ್ಲ. ಗುಜರಾತಿನ ಖಂಬಾತ್‌ನಲ್ಲಿ ಅಗೇಟ್ ಕಲ್ಲು ಅರೆಯುವವರಿಗೆ ಈ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುವುದು ಹೊಸ ಸುದ್ದಿಯೇನಲ್ಲ. ವಜ್ರದ ಬಿಟ್ ಹಾಕಿ ನೀರಿನಲ್ಲಿ ಕೊರೆಯುವುದು ಸರಿಯಾದ ದಾರಿ. ಆದರೆ ಮನೆಯ ಕರೆಂಟ್ ಡ್ರಿಲ್ ಹಿಡಿದು ನೀರಿನ ಬಟ್ಟಲ ಮುಂದೆ ಕೂತರೆ ಅದು ಇನ್ನೊಂದು ಅಪಾಯ. ಊರಿನಲ್ಲೇ ಕಲ್ಲಿನ ಕೆಲಸದವರಿದ್ದಾರೆ, ಅವರ ಹತ್ತಿರ ಹೋಗಿ. ಇಲ್ಲ, ಮೇಲೆ ಗೋಕಾಕದ ತಂಗಿಗೆ ಬರೆದದ್ದು ಓದಿ.

ಧೂಳಿನ ಮಾತು ಬಂತು, ಕಣ್ಣಿನ ಮಾತೂ ಹೇಳುತ್ತೇನೆ. ತಂತಿಯ ತುದಿ ಕತ್ತರಿಸುವಾಗ ಇನ್ನೊಂದು ಕೈಯಿಂದ ಆ ತುದಿಯನ್ನು ಹಿಡಿದುಕೊಳ್ಳಿ. ಒಮ್ಮೆ ಅಕ್ಕಿಕಾಳಿನಷ್ಟು ತುಂಡು ಹಾರಿ ನನ್ನ ಹುಬ್ಬಿಗೆ ಚುಚ್ಚಿತು. ಒಂದು ಬೆರಳು ಕೆಳಗೆ ಬಂದಿದ್ದರೆ ಈ ಅಂಕಣ ಬೇರೆ ಯಾರಾದರೂ ಬರೆಯಬೇಕಿತ್ತು. ಅವತ್ತಿನಿಂದ ಕನ್ನಡಕ ಇಲ್ಲದೆ ಕೂರಲ್ಲ.

ಬಾದಾಮಿ ಗುಹೆಗಳ ಹತ್ತಿರ ಬಿದ್ದಿರುವ ಕೆಂಪು ಕಲ್ಲು ತಂದು ಮಾಡಬಹುದಾ? — ಹುನಗುಂದ

ಸಂರಕ್ಷಿತ ಸ್ಮಾರಕದ ಜಾಗದಿಂದ ಒಂದು ಹರಳೂ ಎತ್ತಬೇಡಿ. ಅದು ಮರಳುಗಲ್ಲು ಬೇರೆ, ಎಷ್ಟು ಉಜ್ಜಿದರೂ ಗಾಜಿನಂಥ ಹೊಳಪು ಬರಲ್ಲ.

ತಾಮ್ರದ ತಂತಿ ಕಪ್ಪಾಯಿತು. ಹುಣಸೆಹಣ್ಣು ಹಚ್ಚಿ ತಿಕ್ಕಬಹುದಾ? — ಲೋಕಾಪುರ

ಒಳಗಿನ ಕಲ್ಲು ಯಾವುದು ಅಂತ ನೋಡಿ. ಅಗೇಟ್, ಸ್ಫಟಿಕ ಆದರೆ ತಿಕ್ಕಿ, ಕೂಡಲೇ ತೊಳೆಯಿರಿ. ಮ್ಯಾಲಕೈಟ್ ಎಂಬ ಹಸಿರು ಕಲ್ಲು, ಮುತ್ತು, ಹವಳ ಅಥವಾ ನಿಮ್ಮ ಕಡೆಯ ಸುಣ್ಣದಕಲ್ಲು ಆದರೆ ಹುಳಿ ಅದರ ಹೊಳಪನ್ನೇ ತಿಂದುಬಿಡುತ್ತದೆ. ಗೊತ್ತಿಲ್ಲದಿದ್ದರೆ ಕಪ್ಪೇ ಇರಲಿ. ಕಪ್ಪು ತಂತಿ ಚೆಂದ ಅಂತ ಬೇಕಂತಲೇ ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಕಪ್ಪು ಮಾಡುವವರೂ ಇದ್ದಾರೆ.

ಘಟಪ್ರಭಾ ದಂಡೆಯ ಕಲ್ಲು ತಂದಿದ್ದೇನೆ. ಮನೆಯಲ್ಲೇ ಪಾಲಿಶ್ ಮಾಡಲು ಎಷ್ಟು ಹೊತ್ತು ಬೇಕು? — ಮುಧೋಳ

ಹೊತ್ತಲ್ಲ, ವಾರಗಳು. ತಿರುಗುವ ಡ್ರಮ್ಮು, ನಾಲ್ಕು ಥರದ ಪುಡಿ, ಹಗಲೂ ರಾತ್ರಿ ಗರಗರ ಸದ್ದು. ಪಾಲಿಶ್ ಮಾಡದೆ ಹಾಗೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಒರಟು ಕಲ್ಲು ತಂತಿಗೆ ಬೇಗ ಒಗ್ಗುತ್ತದೆ.

ಎರಡು ಪೆಂಡೆಂಟ್ ಮಾಡಿದ್ದೇನೆ. ಒಂದಕ್ಕೆ ಎಷ್ಟು ರೇಟ್ ಹೇಳಲಿ? — ಟಿಳಕವಾಡಿ, ಬೆಳಗಾವಿ

ಈಗಲೇ ಏನೂ ಹೇಳಬೇಡಿ. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರಿದ್ದಾರೋ ಅವರ ಕೊರಳಿಗೆ ಹಾಕಿ. ಒಂದು ತಿಂಗಳು ಹಿಟ್ಟಿಗೆ ಬೀಳದಿದ್ದರೆ ಮತ್ತೆ ಬರೆಯಿರಿ, ಆಗ ರೇಟ್ ಮಾತಾಡೋಣ.